ಡಬ್ಬಿ ಮೀನ ಆರಿಸೂದು, ಇಡೂದು, ತಿನ್ನೂದು: ನಮ್ಮ ಕಡಿ ಮಂದಿ ಪದೇ ಪದೇ ಕೇಳೂ ಪ್ರಶ್ನೆಗಳು

ಬೆಳಗಾವಿಗಾದ್ರ ಗೋವಾ, ಕಾರವಾರ, ಮಾಲ್ವಣ ಕಡಿಂದ ಘಾಟ್ ಹತ್ತಿ ಸಮುದ್ರದ ಮೀನ ಬರ್ತೈತಿ, ಬಾಗಲಕೋಟಿ ವಿಜಯಪುರದಾಗ ಹೆಚ್ಚಾಗಿ ಕೃಷ್ಣಾ ಹೊಳಿದು, ಆಲಮಟ್ಟಿ ಹಿನ್ನೀರಿನ ರೋಹು ಕಟ್ಲಾನ ಸಿಗೂದು. ಜೂನ್ 1ರಿಂದ ಜುಲೈ 31ರತನಕ ಕರಾವಳಿಯಾಗ ಯಾಂತ್ರಿಕ ದೋಣಿ ಮೀನುಗಾರಿಕಿ ಬಂದ್ ಇರ್ತೈತಿ, ಆವಾಗಂತೂ ಬಂಗಡೆ ರೇಟ್ ಕೇಳೂದ ಬ್ಯಾಡ. ಹಿಂಗಾಗಿ ಈಗ ಸೂಪರ್ ಮಾರ್ಕೆಟ್‌ನ್ಯಾಗ, ಆನ್‌ಲೈನ್‌ದಾಗ ಡಬ್ಬಿ ಮೀನ ತರಸವ್ರು ಭಾಳ ಆಗ್ಯಾರ, ಅದರ ಜೋಡಿ ಪ್ರಶ್ನೆನೂ ಭಾಳ ಬರಾಕತ್ತಾವ. ಒಂದೊಂದಾಗಿ ಹೇಳ್ತೀನ್ರಿ.

ಡಬ್ಬ್ಯಾಗಿಂದು ಹಸಿ ಮೀನಾ ಇಲ್ಲಾ ಬೇಸಿದ್ದಾ?

ಪೂರಾ ಬೇಸಿದ್ದು. ಮೀನ ಸ್ವಚ್ಛ ಮಾಡಿ ಡಬ್ಬ್ಯಾಗ ತುಂಬಿ ಗಾಳಿ ಹೋಗದಂಗ ಸೀಲ್ ಮಾಡ್ತಾರ, ಆಮ್ಯಾಲ ಸೀಲ್ ಆದ ಡಬ್ಬಿನ ರಿಟಾರ್ಟ್ ಅನ್ನೂ ದೊಡ್ಡ ಪ್ರೆಶರ್ ಮಷಿನ್‌ನ್ಯಾಗ ಇಟ್ಟು ಸುಮಾರು 121 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಸ್ತಾರ. ಅದಕ್ಕ ತೆಗದ ಕೂಡ್ಲೆ ಹಂಗ ತಿನ್ನಬಹುದು, ಮತ್ತ ಬೇಸಬೇಕಂತ ಏನಿಲ್ಲ.

ಎರಡು ಮೂರು ವರ್ಷ ಕೆಡೂದಿಲ್ಲ ಅಂದ್ರ ಒಳಗ ಕೆಮಿಕಲ್ ಹಾಕಿರ್ತಾರಲ್ಲರಿ?

ಇಲ್ಲರಿ. ಎಲ್ಲಾರಿಗಿಂತ ಹೆಚ್ಚ ಕೇಳೂ ಪ್ರಶ್ನೆ ಇದು, ಹಸಿ ಮೀನಿಗೆ ಫಾರ್ಮಲಿನ್ ಹಾಕ್ತಾರ ಅನ್ನೂ ಸುದ್ದಿ ಕೇಳಿ ಕೇಳಿ ಮಂದಿಗೆ ಹೆದರಿಕಿ ಕುಂತೈತಿ, ಅದು ಸಹಜ. ಆದ್ರ ಡಬ್ಬಿ ಮೀನ ಉಳಿಯೂದು ಎರಡ ಕಾರಣಕ್ಕ, ಒಂದು ಆ ಕಾವು, ಇನ್ನೊಂದು ಆ ಸೀಲು. ಕಾವಿನಾಗ ಒಳಗಿನ ಕ್ರಿಮಿ ಸಾಯ್ತಾವ, ಸೀಲ್ ಇರೂದ್ರಿಂದ ಹೊರಗಿಂದ ಹೊಸಾವು ಒಳಗ ಹೋಗೂದಿಲ್ಲ. ಫ್ರಾನ್ಸಿನ ನಿಕೋಲಾ ಅಪೇರ್ ಅನ್ನೂ ಮನಶ್ಯಾ 1810ರ ಸುಮಾರಿಗೇ ಈ ಪದ್ಧತಿ ಬಾಟ್ಲಿ ಒಳಗ ಮಾಡಿ ತೋರಿಸಿದ್ದ, ಆವಾಗ ಕ್ರಿಮಿಯಿಂದ ಆಹಾರ ಕೆಡ್ತೈತಿ ಅನ್ನೂದ ಯಾರಿಗೂ ಗೊತ್ತಿರ್ಲಿಲ್ಲ. ಲೇಬಲ್ ತಿರುವಿ ಓದ್ರಿ, ಸಾದಾ ಟೂನಾ ಡಬ್ಬಿ ಮ್ಯಾಲ ಮೀನ, ಎಣ್ಣಿ ಇಲ್ಲಾ ನೀರು, ಉಪ್ಪ, ಅಷ್ಟ ಬರದಿರ್ತೈತಿ. ಒಂದೊಂದರಾಗ ತರಕಾರಿ ರಸ, ಸೋಯಾ ಇರ್ತೈತಿ, ಅಲರ್ಜಿ ಇದ್ದವ್ರು ಅದನ್ನ ನೋಡ್ಕೋಬೇಕು.

ಹಿಂಗಾಗಿ ಈ ಪುಟದಾಗ ಮುಂದ ಏನೇನ ಹೇಳ್ತೀನೋ ಎಲ್ಲಾ ಆ ಸೀಲಿನ ಸುತ್ತನ ತಿರಗ್ತೈತಿ. ಸೀಲ್ ಗಟ್ಟಿ ಇದ್ರ ಡಬ್ಬಿ ಭಾಳ ಸುರಕ್ಷಿತ ಆಹಾರ, ಸೀಲ್ ಬಿಚ್ಚಿದ ಮ್ಯಾಲ ಅದು ಪ್ಯಾಟ್ಯಾಗಿನ ಹಸಿ ಮೀನಿನಷ್ಟ ನಾಜೂಕು.

ಅಂಗಡ್ಯಾಗ ಡಬ್ಬಿ ಹೆಂಗ ನೋಡಿ ತೊಗೋಬೇಕು?

ರೇಟ್ ನೋಡೂ ಮೊದಲ ಡಬ್ಬಿ ಕೈಯಾಗ ಹಿಡೀರಿ. ಮುಚ್ಚಳ ಮತ್ತ ಡಬ್ಬಿ ಕೂಡೂ ಜಾಗಾದಾಗ ಸುತ್ತ ಒಂದು ಎತ್ತರದ ಅಂಚು ಇರ್ತೈತಲ್ಲ, ಅದರ ಮ್ಯಾಲ ಹೆಬ್ಬೆರಳ ಒಂದು ಸುತ್ತು ಆಡಸ್ರಿ. ನುಣ್ಣಗ ಒಂದ ಸಮ ಹೋಗಬೇಕು, ಎಲ್ಲೆರ ತಗ್ಗು, ಕತ್ತರಿಸಿದಂಗ ಚೂಪು, ಇಲ್ಲಾ ಜಿಡ್ಡ ಜಿಡ್ಡ ಹತ್ತಿದ್ರ ವಾಪಸ್ ಇಡ್ರಿ, ಜಿಡ್ಡ ಅಂದ್ರ ಒಳಗಿನ ಎಣ್ಣಿ ಹೊರಗ ಬಂದೈತಿ ಅಂತ. ಆಮ್ಯಾಲ ಎರಡೂ ಕಡಿ ಮುಚ್ಚಳ ನಡುವ ಒತ್ತಿ ನೋಡ್ರಿ. ಸಪಾಟ ಇಲ್ಲಾ ಚೂರ ಒಳಗ ಜಗ್ಗಿದಂಗ ಇರಬೇಕು, ಯಾಕಂದ್ರ ಒಳಗ ಗಾಳಿ ಒತ್ತಡ ಕಡಿಮಿ ಇರ್ತೈತಿ. ಒತ್ತಿದ್ರ ಟಕ್ ಅಂತ ಒಳಗ ಹೋಗಿ ಮತ್ತ ಹೊರಗ ಬಂತಂದ್ರ ತೊಗೋಬ್ಯಾಡ್ರಿ.

ರ‍್ಯಾಕಿನ ಮುಂದಿನ ಸಾಲಿಂದು ಕೈಗೆ ಬಂದಂಗ ತೊಗೊಳ್ಳೂದು ಬಿಡ್ರಿ, ನಮ್ಮ ಕಡಿ ಡಬ್ಬಿ ಮೀನ ದಿನಾ ಖರ್ಚಾಗೂ ಮಾಲಲ್ಲ, ಕೆಲವು ಅಂಗಡ್ಯಾಗ ಧೂಳ ಕುಂತು ತಿಂಗಳಗಟ್ಲೆ ಇರ್ತಾವ. ಡೇಟ್ ಮುಂದ ಇದ್ದದ್ದು ಹಿಂದಿನ ಸಾಲಿನಾಗ ಸಿಗ್ತೈತಿ. ಇನ್ನೊಂದು ಮಾತು, ಕೆಲವು ಕಡಿ ಬೆಕ್ಕಿನ ಆಹಾರದ ಡಬ್ಬಿನೂ ಮೀನಿನ ಚಿತ್ರ ಹಾಕಿಕೊಂಡು ಅದರ ಬಾಜೂಕ ಕುಂತಿರ್ತಾವ, ಲೇಬಲ್ ಓದೇ ಬುಟ್ಟ್ಯಾಗ ಹಾಕ್ರಿ.

ಚೂರ ನೆಗ್ಗಿದ ಡಬ್ಬಿ ಅರ್ಧಾ ರೇಟಿಗೆ ಕೊಡ್ತಾರ, ತೊಗೋಬಹುದಾ?

ಮೈಮ್ಯಾಲ ನಡು ಭಾಗದಾಗ ಸಣ್ಣ ನೆಗ್ಗು, ಅಂಚು ಮುಟ್ಟಿಲ್ಲ, ಚೂಪಿಲ್ಲ ಅಂದ್ರ ನಡೀತೈತಿ. ಬೆರಳ ಒಳಗ ಕೂಡೂವಷ್ಟು ಆಳ ಇದ್ರ, ಇಲ್ಲಾ ಅಂಚಿನ ಮ್ಯಾಲನ ಪೆಟ್ಟು ಬಿದ್ದಿದ್ರ ಪುಕ್ಕಟ ಕೊಟ್ರೂ ಬ್ಯಾಡ. ಆ ಅಂಚಿನಾಗ ಕಣ್ಣಿಗೆ ಕಾಣಲಾರದ ಸಂದಿ ಬಿಟ್ರೂ ಸಾಕು, ಒಳಗ ಕ್ರಿಮಿ ಹೋಗಾಕ.

ತುಕ್ಕು?

ಬಟ್ಟಿಲೆ ತಿಕ್ಕಿದ್ರ ಹೋಗೂ ಮ್ಯಾಲಿನ ತುಕ್ಕು ಪರವಾಗಿಲ್ಲ. ಪದರ ಪದರ ಏಳೂದು, ತಗ್ಗ ಬಿದ್ದದ್ದು ಬ್ಯಾಡ.

ಡಬ್ಬಿ ಚೂರ ಉಬ್ಬೇತಿ. ಛಲೋತಂಗ ಕುದಿಸಿ ತಿಂದ್ರ ನಡೀತೈತಲ್ಲರಿ? ಇನ್ನೂರ ಐವತ್ತ ರೂಪಾಯಿ ಕೊಟ್ಟೀವಿ.

ಇಲ್ಲರಿ, ಕೈಮುಗಿದು ಹೇಳ್ತೀನಿ, ಇದೊಂದು ವಿಷಯದಾಗ ರೊಕ್ಕದ ಮಾರಿ ನೋಡಬ್ಯಾಡ್ರಿ. ಅಕ್ಕಾರೂ ಅವ್ವಾರೂ ಅನ್ನ ಚೆಲ್ಲಬಾರದು ಅಂತ ಇಂಥಾದ್ದು ಎಲ್ಲಾರಿಗೂ ಬ್ಯಾಡಾಗಿದ್ದನ್ನ ತಾವು ತಿಂತಾರ, ಅದಕ್ಕ ಇಷ್ಟ ಜೋರ ಮಾಡಿ ಹೇಳೂದು.

ಯಾಕಂದ್ರ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಅಂತ ಒಂದು ಕ್ರಿಮಿ ಐತಿ. ಮಣ್ಣಿನಾಗ, ಸಮುದ್ರದ ಕೆಸರಿನಾಗ ಅದರ ಬೀಜಾಣು ಇರ್ತಾವ, ಅವು ಬರೇ ಕುದಿಯೂ ನೀರಿಗೆ ಸಾಯೂದಿಲ್ಲ, 121 ಡಿಗ್ರಿ ಕಾವು ಇಡೂದ ಅದರ ಸಲುವಾಗಿ. ಕಾವು ಸರಿ ಹತ್ತಿರದಿದ್ರ ಇಲ್ಲಾ ಸೀಲ್ ಬಿಟ್ಟಿದ್ರ ಅದು ಗಾಳಿ ಇಲ್ಲದ ಡಬ್ಬ್ಯಾಗ ಬೆಳದು ವಿಷ ಮಾಡ್ತೈತಿ, ಆ ಜೋಡಿ ಗ್ಯಾಸ್ ಆಗಿ ಡಬ್ಬಿ ಉಬ್ಬಬಹುದು. ಆ ವಿಷಕ್ಕ ಯಾವಾಗಲೂ ವಾಸನಿ ರುಚಿ ಇರ್ತೈತಿ ಅಂತ ಇಲ್ಲ, ಮೂಸಿ ನೋಡಿದ್ರ ಗೊತ್ತಾಗೂದಿಲ್ಲ, ನಾಲಿಗಿಗೆ ಹಚ್ಚಿ ನೋಡೂದಂತೂ ಮಾಡಲೇಬಾರದು. ಹತ್ತು ನಿಮಿಷ ಜೋರ ಕುದಿಸಿದ್ರ ಈ ವಿಷ ನಾಶ ಆಗ್ತೈತಿ ಅನ್ನೂದು ಖರೆ, ಆದ್ರ ಮನ್ಯಾಗ ಎಲ್ಲಾ ತುಂಡಿನ ಒಳಗಿನತನಕ ಕಾವು ಹೋತೋ ಇಲ್ಲೋ ಯಾರು ನೋಡ್ತಾರ? ತಗೀಬೇಕಾದ್ರ ಕೈಗೆ ಸಿಡಿದದ್ದು, ಕಟ್ಟಿ ಮ್ಯಾಲ ಬಿದ್ದದ್ದು ಕುದಿಯೂದಿಲ್ಲಲ್ಲ?

ಪೆಟ್ಟು ಬಿದ್ದು, ಇಲ್ಲಾ ಜಾಸ್ತಿ ತುಂಬಿದ್ದಕ್ಕೂ ಡಬ್ಬಿ ಉಬ್ಬಿರಬಹುದು, ಆದ್ರ ಯಾವ ಕಾರಣಕ್ಕ ಉಬ್ಬೇತಿ ಅಂತ ನೀವು ನಾವು ಹೊರಗಿಂದ ಹೇಳಾಕ ಆಗೂದಿಲ್ಲ. ತಗಿಯದ ಎರಡ ಪ್ಲಾಸ್ಟಿಕ್ ಚೀಲದಾಗ ಬಿಗಿಯಾಗಿ ಕಟ್ಟಿ, ನಾಯಿ ಬೆಕ್ಕಿಗೆ ಸಿಗದಂಗ ಕಸದ ಗಾಡಿಗೆ ಕೊಡ್ರಿ. ತಗದಾಗ ಒಳಗಿಂದ ನೀರು ಇಲ್ಲಾ ನೊರಿ ಚಿಮ್ಮಿದ್ರೂ ಅದ ನಿಯಮ. ಹಂಗ ಸುಮ್ಮನ ಸಣ್ಣಗ ಪುಸ್ ಅನ್ನೂದು ಗಾಳಿ ಒಳಗ ಹೋಗೂ ಶಬ್ದ, ಅದಕ್ಕ ಹೆದರಬ್ಯಾಡ್ರಿ.

ಅಕಸ್ಮಾತ್ ತಿಂದಬಿಟ್ರ? ಏನ ಲಕ್ಷಣ ನೋಡಬೇಕು?

ಆ ಕ್ರಿಮಿ ವಿಷದಿಂದ ಬರೂ ಬಾಟ್ಯುಲಿಸಂ ರೋಗ ಭಾಳ ಅಪರೂಪ, ಆದ್ರ ಬಂದ್ರ ತಡ ಮಾಡೂ ಹಂಗಿಲ್ಲ. ಹೆಚ್ಚಾಗಿ 12ರಿಂದ 36 ತಾಸಿನಾಗ ಶುರು ಆಗ್ತೈತಿ, ಒಮ್ಮೊಮ್ಮೆ ಕೆಲವು ದಿನಾ ಬಿಟ್ಟೂ ಬರ್ತೈತಿ. ಒಂದ ವಸ್ತು ಎರಡಾಗಿ ಕಾಣೂದು, ಕಣ್ಣರೆಪ್ಪಿ ಜೋತು ಬೀಳೂದು, ಬಾಯಿ ಒಣಗೂದು, ಮಾತು ತೊದಲೂದು, ನುಂಗಾಕ ಆಗಲಾರದ್ದು, ಆಮ್ಯಾಲ ಕೈ ಕಾಲಿನ ಶಕ್ತಿ ಇಳಿಯೂದು, ಉಸರಾಟಕ್ಕ ತ್ರಾಸ. ಜ್ವರ ಹೆಚ್ಚಾಗಿ ಬರೂದಿಲ್ಲ, ಹಿಂಗಾಗಿ ಮಂದಿ ಅಶಕ್ತಿ ಅಂತ ಸುಮ್ಮನ ಮಲಗ್ತಾರ. ಹಂಗ ಮಾಡಬ್ಯಾಡ್ರಿ, 108ಕ್ಕ ಫೋನ್ ಹಚ್ಚಿ ವೆಂಟಿಲೇಟರ್ ಇರೂ ದೊಡ್ಡ ದವಾಖಾನಿಗೆ ಹೋಗ್ರಿ, ಡಬ್ಬಿ ಮೀನ ತಿಂದಿದ್ವಿ ಅಂತ ಡಾಕ್ಟರ್‌ಗೆ ಮೊದಲ ಹೇಳ್ರಿ, ಖಾಲಿ ಡಬ್ಬಿ ಚೀಲದಾಗ ಕಟ್ಟಿ ಜೋಡಿ ಒಯ್ರಿ. ಇದಕ್ಕ ಆಂಟಿಟಾಕ್ಸಿನ್ ಅನ್ನೂ ಔಷಧ ಐತಿ, ಅದು ಲಕ್ಷಣ ಇನ್ನೂ ಬೆಳೀದಂಗ ತಡೀತೈತಿ ಆದ್ರ ಆಗಿದ್ದನ್ನ ಹಿಂದಕ್ಕ ತರೂದಿಲ್ಲ, ಅದಕ್ಕ ಹೊತ್ತು ಮುಖ್ಯ.

ಮೀನ ತಿಂದ ಅರ್ಧಾ ತಾಸಿಗೆ ಮಾರಿ ಕೆಂಪಾಗಿ ಮೈ ತುರಿಸ್ತು. ಮೀನ ಅಲರ್ಜಿನಾ?

ಅಲರ್ಜಿ ಇರಬಹುದು, ಆದ್ರ ಟೂನಾ, ಬಂಗಡೆ, ತಾರ್ಲಿಯಂಥ ಮೀನಿನಾಗ ಇನ್ನೊಂದು ಕಾರಣನೂ ಐತಿ, ಹಿಸ್ಟಮಿನ್ ಅನ್ನೂ ರಾಸಾಯನಿಕ. ಮೀನ ಹಿಡದ ಮ್ಯಾಲ ಲಗೂನ ತಂಪು ಮಾಡದ ಬಿಸಲಿನಾಗ ಬಿಟ್ರ ಬ್ಯಾಕ್ಟೀರಿಯಾ ಅದನ್ನ ತಯಾರ ಮಾಡ್ತಾವ. ಬೇಸಿದ್ರೂ, ಡಬ್ಬಿ ಕಾವಿಗೂ ಅದು ಹೋಗೂದಿಲ್ಲ. ತಿನ್ನೂವಾಗ ಒಮ್ಮೊಮ್ಮೆ ನಾಲಿಗಿ ಮೆಣಸ ಕಡದಂಗ ಚುರುಚುರು ಅಂತೈತಿ, ನಮ್ಮ ಮಂದಿ ಮಸಾಲಿ ಖಾರ ಹಾಕಿ ಮಾಡೂದ್ರಿಂದ ಅದು ಗೊತ್ತಾಗೂದಿಲ್ಲ, ಅದಕ್ಕ ಖಾರ ಹಾಕೂ ಮೊದಲ ಛಲೋ ಡಬ್ಬಿಂದು ಸಣ್ಣ ತುಣಕು ಬಾಯಾಗ ಹಾಕಿ ನೋಡೂ ರೂಢಿ ಇಟ್ಕೋರಿ. ಚುರುಚುರು ಅಂದ್ರ ಉಗುಳಿ ಬಿಡ್ರಿ. ಉಬ್ಬಿದ, ಸೋರಿದ ಡಬ್ಬಿಗೆ ಇದು ಅನ್ವಯ ಆಗೂದಿಲ್ಲ, ಅದನ್ನ ರುಚಿ ನೋಡೂದ ಇಲ್ಲ. ತಲಿಶೂಲಿ, ಎದಿ ಡವಡವ, ತುರಿಕಿ ಹೆಚ್ಚಾಗಿ ಕೆಲವು ತಾಸಿನಾಗ ಇಳೀತೈತಿ, ಉಸರ ಕಟ್ಟಿದ್ರ ಇಲ್ಲಾ ತುಟಿ ಗಂಟಲ ಬಾತ್ರ ಮಾತ್ರ ಮನ್ಯಾಗ ಕುಂದ್ರಬ್ಯಾಡ್ರಿ.

ಲೇಬಲ್ ಮ್ಯಾಲ ಏನೇನ ಇರಬೇಕು? ಬ್ಯಾರೆ ದೇಶದ ಡಬ್ಬಿ ನಂಬಬಹುದಾ?

ಥೈಲ್ಯಾಂಡ್ ಜಗತ್ತಿನಾಗ ಎಲ್ಲಾರಿಗಿಂತ ಹೆಚ್ಚ ಟೂನಾ ಡಬ್ಬಿ ಹೊರಗ ಕಳಸೂ ದೇಶ, ಹೊರಗಿಂದು ಅಂದ ಕೂಡ್ಲೆ ಕೆಟ್ಟದ್ದಲ್ಲ. ಆದ್ರ ಇಲ್ಲಿ ಮಾರಬೇಕಂದ್ರ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಅಂದ್ರ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿ ಲೈಸೆನ್ಸ್ ನಂಬರ್, ತರಿಸಿದ ಕಂಪನಿ ಹೆಸರು ವಿಳಾಸ ಸ್ಟಿಕರ್ ಮ್ಯಾಲ ಇರಬೇಕು. ಮಾಂಸಾಹಾರದ ಗುರುತು ಕಂದು ಚೌಕದಾಗ ಕಂದು ತ್ರಿಕೋನ. ಗಲ್ಫ್‌ನ್ಯಾಗ ಇರೂ ಅಣ್ಣಾ ತಮ್ಮಾ ಬ್ಯಾಗಿನಾಗ ತಂದ ಡಬ್ಬಿಗೆ ಈ ಸ್ಟಿಕರ್ ಇರೂದಿಲ್ಲ, ಅದು ಬ್ಯಾರೆ ಮಾತು, ಅದಕ್ಕ ಡೇಟ್ ಮತ್ತ ಡಬ್ಬಿ ಮೈ ನೋಡ್ರಿ ಸಾಕು. ಡೇಟಿನಾಗ ಮಾತ್ರ ಕೆಲವು ದೇಶದವ್ರು ತಿಂಗಳ ಮೊದಲ ಬರೀತಾರ, ಕೆಲವರು ದಿನಾ ಮೊದಲ.

ನೆಟ್ ವೇಟ್ ಜೋಡಿ ಡ್ರೈನ್ಡ್ ವೇಟ್ ಅಂತನೂ ಬರದಿರ್ತೈತಿ, ಎಣ್ಣಿ ನೀರು ಬಸಿದ ಮ್ಯಾಲ ಉಳಿಯೂ ಮೀನಿನ ತೂಕ ಅದು. ರೇಟ್ ಹೋಲಿಕಿ ಮಾಡಬೇಕಂದ್ರ ಅದನ್ನ ನೋಡ್ರಿ.

ಯಾವ ಮೀನ ಛಲೋ? ಎಣ್ಣ್ಯಾಗಿಂದಾ, ನೀರಿನಾಗಿಂದಾ?

ನನ್ನ ಕೇಳಿದ್ರ ಸಾರ್ಡಿನ್, ಅಂದ್ರ ನಮ್ಮ ತಾರ್ಲಿ ಜಾತಿ ಮೀನ. ಸಣ್ಣ ಮೀನ, ಪಾದರಸ ಕಡಿಮಿ, ಮುಳ್ಳು ಡಬ್ಬಿ ಕಾವಿಗೆ ಮೆತ್ತಗಾಗಿ ಬೆರಳಿನಾಗ ಒತ್ತಿದ್ರ ಪುಡಿ ಆಗ್ತಾವ, ಅದನ್ನ ತಗದ ಒಗೀಬ್ಯಾಡ್ರಿ, ಮುಳ್ಳು ಸಹಿತ ತಿಂದ್ರ 100 ಗ್ರಾಂದಾಗ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗ್ತೈತಿ. ಮೊಣಕಾಲ ನೋವು ಅನ್ನೂ ಹಿರ್ಯಾರಿಗೆ, ಹಾಲು ಸೇರದವ್ರಿಗೆ ಇದು ದೊಡ್ಡ ಮಾತು. ವಿಟಮಿನ್ ಡಿ, ಬಿ12, ಒಮೆಗಾ-3ನೂ ಐತಿ.

ಎಣ್ಣ್ಯಾಗಿಂದು ರುಚಿ, ಆದ್ರ ಎಣ್ಣಿ ಬಸಿದು ಚೆಲ್ಲಿದ್ರ ಒಮೆಗಾ-3ನೂ ಚೂರ ಅದರ ಜೋಡಿ ಹೋಗ್ತೈತಿ. ಅದಕ್ಕ ಆ ಎಣ್ಣಿಲೇನ ಒಗ್ಗರಣಿ ಕೊಡ್ರಿ. ತೂಕ ನೋಡ್ಕೊಳ್ಳವ್ರಿಗೆ ನೀರಿನಾಗಿಂದು.

ಬಸರಿದ್ದವ್ರು, ಸಣ್ಣ ಹುಡುಗ್ರು ತಿನ್ನಬಹುದಾ?

ತಿನ್ನಬಹುದು, ಯಾವ ಮೀನ ಅನ್ನೂದು ನೋಡ್ಕೊಂಡು. ದೊಡ್ಡ ಮೀನ ಸಣ್ಣ ಮೀನ ತಿಂದು ತಿಂದು ಮೈಯಾಗ ಪಾದರಸ ಕೂಡಸ್ತಾವ, ಹೊಟ್ಯಾಗಿನ ಕೂಸಿನ ಮೆದುಳಿಗೆ ಅದು ಛಲೋ ಅಲ್ಲ. ಅಮೆರಿಕಾದ ಎಫ್‌ಡಿಎ ಅನ್ನೂ ಆಹಾರ, ಔಷಧ ನಿಯಂತ್ರಣ ಇಲಾಖೆ ಅಳದ ಲೆಕ್ಕದಾಗ ಸಾರ್ಡಿನ್‌ದಾಗ ಸರಾಸರಿ 0.013 ಪಿಪಿಎಂ (ಹತ್ತು ಲಕ್ಷ ಭಾಗದಾಗ ಇಷ್ಟು ಭಾಗ) ಪಾದರಸ, ಲೈಟ್ ಟೂನಾ ಡಬ್ಬ್ಯಾಗ 0.126, ಆಲ್ಬಕೋರ್ ಅಂದ್ರ ವೈಟ್ ಟೂನಾದಾಗ 0.35. ಅವರ ಸಲಹಾ ಪ್ರಕಾರ ಬಸರಿದ್ದವ್ರು ಪಾದರಸ ಕಡಿಮಿ ಇರೂ ಮೀನ ವಾರಕ್ಕ 225ರಿಂದ 340 ಗ್ರಾಂ ತಿನ್ನಬಹುದು, ವೈಟ್ ಟೂನಾ ತಿಂದ್ರ ವಾರಕ್ಕ ಒಂದ ಸಲ ಸುಮಾರು 110 ಗ್ರಾಂ, ಆ ವಾರ ಬ್ಯಾರೆ ಮೀನ ಬ್ಯಾಡ. ನಿಮ್ಮ ಡಾಕ್ಟರ್ ಬ್ಯಾರೆ ಹೇಳಿದ್ರ ಅವರ ಮಾತ ಕೇಳ್ರಿ. ಹುಡುಗ್ರಿಗೆ ಉಪ್ಪಿನ ನೀರು ಬಸಿದು, ಮುಳ್ಳು ಪೂರಾ ಹಿಚುಕಿ, ಸಣ್ಣ ಪ್ರಮಾಣದಾಗ ಕೊಡ್ರಿ. ಹೊಸದಾಗಿ ಕೊಡಬೇಕಾದ್ರ ಮೊದಲ ಒಂದ ತುತ್ತು, ಅಲರ್ಜಿ ಗೊತ್ತಾಗ್ತೈತಿ.

ಬಿಪಿ, ಯೂರಿಕ್ ಆಸಿಡ್ ಇದ್ದವ್ರು?

ಉಪ್ಪು ಹೆಚ್ಚ ಇರ್ತೈತಿ, ಜರಡ್ಯಾಗ ಹಾಕಿ ನೀರಿಲೆ ತೊಳದ್ರ ಸಾಕಷ್ಟು ಇಳೀತೈತಿ, ಮ್ಯಾಲ ಮತ್ತ ಉಪ್ಪು ಹಾಕಬ್ಯಾಡ್ರಿ. ಯೂರಿಕ್ ಆಸಿಡ್ ಇದ್ದವ್ರಿಗೆ ಸಾರ್ಡಿನ್, ಬಂಗಡೆ ತ್ರಾಸ ಕೊಡ್ತಾವ, ಡಾಕ್ಟರ್‌ನ ಕೇಳೇ ತಿನ್ರಿ.

ನಮ್ಮ ಬ್ಯಾಸಗ್ಯಾಗ ಡಬ್ಬಿ ಎಲ್ಲಿ ಇಡಬೇಕು?

ಡಬ್ಬಿ ಮ್ಯಾಲ ತಂಪು ಒಣ ಜಾಗಾದಾಗ ಇಡ್ರಿ ಅಂತ ಬರದಿರ್ತೈತಿ, ಆದ್ರ ಏಪ್ರಿಲ್ ಮೇದಾಗ ವಿಜಯಪುರ ಬಾಗಲಕೋಟ್ಯಾಗ 40 ದಾಟಿದ ಮ್ಯಾಲ ತಂಪು ಜಾಗಾ ಎಲ್ಲಿಂದ ತರೂದು ಅಂತ ಕೇಳ್ತಾರ, ನ್ಯಾಯಾನ ಐತಿ. 30 ಡಿಗ್ರಿ ಒಳಗ ಇದ್ರ ಛಲೋ, 38 ದಾಟಿದ ಜಾಗಾ ಬ್ಯಾಡ. ಪತ್ರಾ ಮನಿ ಇದ್ರ ಮ್ಯಾಲಿನ ಫಳಿ, ಅಟ್ಟ ಬಿಟ್ಟು ನೆಲಕ್ಕ ಹತ್ತಿರ ಇರೂ ಕಪಾಟಿನಾಗ, ಬಿಸಲ ಬೀಳೂ ಗೋಡಿ ಬಿಟ್ಟು ಒಳಗಿನ ಗೋಡಿ ಕಡಿ ಇಡ್ರಿ. ಒಲಿ ಬಾಜೂಕ, ಫ್ರಿಡ್ಜಿನ ಮ್ಯಾಲ ಬ್ಯಾಡ. ಗಾಡಿ ಡಿಕ್ಕಿಯಾಗಂತೂ ಮರತೂ ಬಿಡಬ್ಯಾಡ್ರಿ. ಕಾವಿಗೆ ಹೊಂದಿಕೊಂಡ ಕೆಲವು ಬೀಜಾಣು ಫ್ಯಾಕ್ಟರಿ ಕಾವಿಗೂ ಉಳದಿರ್ತಾವ, ಸಾದಾ ಹವಾದಾಗ ಸುಮ್ಮನ ಮಲಗಿರ್ತಾವ, ಡಬ್ಬಿ ದಿನಗಟ್ಲೆ 45 ಡಿಗ್ರಿ ಮ್ಯಾಲ ಕುಂತ್ರ ಎದ್ದು ಮೀನ ಕೆಡಸ್ತಾವ. ಮೇ ತಿಂಗಳ ಎರಡ ಮೂರ ಡಬ್ಬಿ ಇದ್ರ ತಗಿಯದ ಹಂಗ ಫ್ರಿಡ್ಜಿನಾಗ ಇಟ್ರೂ ನಡೀತೈತಿ, ಫ್ರೀಜರಿನಾಗ ಮಾತ್ರ ಬ್ಯಾಡ, ಒಳಗಿನ ನೀರು ಹಿಗ್ಗಿ ಅಂಚು ಬಿಡ್ತೈತಿ.

ಮಳಿಗಾಲದಾಗ ಖಾನಾಪುರ, ಬೆಳಗಾವಿ ಕಡಿ ತೇವದ್ದ ತ್ರಾಸು, ತುಕ್ಕು ಹಿಡೀತೈತಿ. ಸಿಮೆಂಟ್ ನೆಲದ ಮ್ಯಾಲ ನೇರ ಇಡಬ್ಯಾಡ್ರಿ, ಒಂದು ಪೇಪರ್ ಹಾಸಿದ ಫಳಿ ಸಾಕು.

ಶ್ರಾವಣ ಬಂತು, ನಮ್ಮ ಮನ್ಯಾಗ ತಿಂಗಳ ಪೂರಾ ತಿನ್ನೂದಿಲ್ಲ. ಡಬ್ಬಿ ಹಂಗ ಇಟ್ರ ನಡೀತೈತಾ?

ಆರಾಮ ಇಡ್ರಿ, ತಗಿಯದ ಡಬ್ಬಿಗೆ ತಿಂಗಳ ಎರಡ ತಿಂಗಳ ಲೆಕ್ಕಕ್ಕಿಲ್ಲ. ಎಕ್ಸ್‌ಪೈರಿ ಡೇಟ್ ನಡುವ ಬರ್ತೈತೇನು ಅಂತ ನೋಡ್ಕೋರಿ, ಡೇಟ್ ದಾಟಿದ್ದನ್ನ ತಿನ್ರಿ ಅಂತ ನಾ ಹೇಳೂದಿಲ್ಲ. ಟಮಾಟಿ ಸಾಸಿನಾಗಿಂದು ಹುಳಿ ಇರೂದ್ರಿಂದ ಎಣ್ಣ್ಯಾಗಿಂದಕ್ಕಿಂತ ಮೊದಲ ಖರ್ಚ ಮಾಡ್ರಿ.

ತಗದ ಮ್ಯಾಲ ಎಷ್ಟ ದಿನಾ ಇಡಬಹುದು?

ಮುಚ್ಚಳ ತಗದ ಘಳಿಗಿಂದ ಲೆಕ್ಕ ಬ್ಯಾರೆ. ತಗಿಯೂ ಮೊದಲ ಮುಚ್ಚಳ ಒದ್ದಿ ಬಟ್ಟಿಲೆ ಒರಸ್ರಿ, ಗೋಡೌನಿನ ಧೂಳ, ಜಿರಳಿ ಇಲಿ ಓಡ್ಯಾಡಿದ್ದು ಎಲ್ಲಾ ಅದರ ಮ್ಯಾಲ ಇರ್ತೈತಿ, ಮುಚ್ಚಳ ಕೊಯ್ದಾಗ ಅದ ಒಳಗ ಬೀಳ್ತೈತಿ. ಉಳದದ್ದನ್ನ ಡಬ್ಬ್ಯಾಗ ಬಿಡದ ಗಾಜಿನ ಇಲ್ಲಾ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ ಫ್ರಿಡ್ಜಿನಾಗ ಇಡ್ರಿ, 4 ಡಿಗ್ರ್ಯಾಗ ಮೂರ ನಾಕು ದಿನಾ ಇರ್ತೈತಿ ಅಂತ ಪುಸ್ತಕದ ಲೆಕ್ಕ. ನಮ್ಮ ಕಡಿ ಕರೆಂಟ್ ಹೋಗೂ ಊರಿನಾಗ ಎರಡ ದಿನಾ ಅಂತ ಹಿಡೀರಿ. ಬಾಗಲ ತಗಿಯದಿದ್ರ ಫ್ರಿಡ್ಜ್ ಸುಮಾರು ನಾಕ ತಾಸು ತಂಪ ಹಿಡೀತೈತಿ, ಅದಕ್ಕೂ ಹೆಚ್ಚ ಹೊತ್ತು ಕರೆಂಟ್ ಇಲ್ಲಂದ್ರ ತಗದ ಮೀನ ಒಗೀರಿ. ಹೊರಗ ಇಟ್ಟದ್ದು ಎರಡ ತಾಸು, 32 ಡಿಗ್ರಿ ದಾಟಿದ ದಿನಾ ಒಂದ ತಾಸು, ಅಷ್ಟ. ಮುಂಜಾನಿ ಹಾಸ್ಟೆಲ್ ಡಬ್ಬಿಗೆ ಕಟ್ಟಿ ಮಧ್ಯಾನ ತಿನ್ನೂದು ಈ ಲೆಕ್ಕಕ್ಕ ಹೊಂದೂದಿಲ್ಲ, ಅದಕ್ಕ ಸೀಲ್ ಇದ್ದ ಸಣ್ಣ ಡಬ್ಬಿನ ಒಯ್ದು ಅಲ್ಲೇ ತಗೀರಿ.

ಮೀನಿನಾಗ ಗಾಜಿನ ಚೂರು ಸಿಕ್ಕೈತಿ!

ಗಾಬರಿ ಆಗಬ್ಯಾಡ್ರಿ, ಗಾಜು ಇರಾಕಿಲ್ಲ. ಮೀನಿನಾಗಿನ ಮೆಗ್ನೀಷಿಯಂ, ಫಾಸ್ಫೇಟ್, ಅಮೋನಿಯಂ ಕೂಡಿ ಸ್ಟ್ರುವೈಟ್ ಅನ್ನೂ ಹರಳ ಆಗ್ತಾವ, ನೋಡಾಕ ಗಾಜಿನಂಗ ಇರ್ತಾವ. ಪರೀಕ್ಷಾ ಸರಳ ಐತಿ, ಸಣ್ಣ ಬಟ್ಟಲದಾಗ ಲಿಂಬಿ ರಸ ಇಲ್ಲಾ ವಿನೆಗರ್ ಉಗುರುಬೆಚ್ಚಗ ಮಾಡಿ ಅದರಾಗ ಆ ಚೂರು ಹಾಕಿ ಬಿಡ್ರಿ. ಹರಳಾದ್ರ ಕೆಲವು ನಿಮಿಷದಾಗ ಮೂಲಿ ಸವದು ಕರಗಾಕ ಹತ್ತತೈತಿ, ಗಾಜಾದ್ರ ಇದ್ದಂಗ ಇರ್ತೈತಿ. ಕರಗಲಿಲ್ಲ ಅಂದ್ರ ಚೂರು, ಡಬ್ಬಿ, ಬಿಲ್ ಮೂರೂ ಜೋಪಾನ ಇಟ್ಟು ದೂರು ಕೊಡ್ರಿ.

ಡಬ್ಬಿ ಒಳಗ ಕರ‍್ರಗ ಆಗೇತಿ.

ಮೀನಿನ ಗಂಧಕ ಲೋಹಕ್ಕ ಹತ್ತಿ ಕಪ್ಪ ಕಲಿ ಬೀಳ್ತೈತಿ, ಅದೊಂದಕ್ಕ ಒಗೀಬೇಕಂತಿಲ್ಲ. ಒಳಗ ತುಕ್ಕು ಇದ್ರ ಬ್ಯಾಡ.

ಡಬ್ಬಿನ ಗ್ಯಾಸ್ ಮ್ಯಾಲ ಇಟ್ಟು ಬಿಸಿ ಮಾಡಬಹುದಾ?

ಬ್ಯಾಡ. ಸೀಲ್ ಇದ್ದದ್ದು ಸಿಡೀತೈತಿ, ತಗದದ್ದರ ಒಳಗಿನ ಲೇಪ ಕರಗ್ತೈತಿ. ಬ್ಯಾರೆ ಪಾತ್ರಿಗೆ ಹಾಕ್ರಿ.

ನಮ್ಮ ರುಚಿಗೆ ಹೆಂಗ ಮಾಡೂದು? ಹಂಗ ತಿಂದ್ರ ಸಪ್ಪಗ ಅನಿಸ್ತೈತಿ.

ಮೀನ ಮೊದಲ ಬೆಂದಿರ್ತೈತಿ ಅನ್ನೂದು ಮರೀಬ್ಯಾಡ್ರಿ, ಮಸಾಲಿ ಪೂರಾ ತಯಾರಾದ ಮ್ಯಾಲ ಕಡಿಗೆ ಹಾಕೂದು. ಡಬ್ಬಿ ಎಣ್ಣಿ ಬಾಣಲಿಗೆ ಹಾಕಿ ಜೀರಗಿ, ಕರಿಬೇವು, ಜಜ್ಜಿದ ಬಳ್ಳೊಳ್ಳಿ, ಎರಡ ಉಳ್ಳಾಗಡ್ಡಿ ಸಣ್ಣಗ ಹೆಚ್ಚಿ ಕೆಂಪಗ ಹುರೀರಿ, ಟಮಾಟಿ ಹಾಕಿ ಎಣ್ಣಿ ಬಿಡೂತನಕ ಬಾಡಿಸ್ರಿ, ಅರಿಶಿಣ, ಮನ್ಯಾಗಿನ ಮಸಾಲಿ ಖಾರ, ಚೂರ ಹುಣಸಿ ನೀರು. ಆಮ್ಯಾಲ ಮೀನ ಹಾಕಿ ಸೌಟಿಲೆ ತಿರುವದ ಬಾಣಲಿನ ಹಿಡದು ಅಲಗಾಡಿಸ್ರಿ, ಇಲ್ಲಂದ್ರ ಪುಡಿ ಆಗ್ತೈತಿ. ಎರಡ ನಿಮಿಷ ಸಾಕು. ಉಪ್ಪು ರುಚಿ ನೋಡೇ ಹಾಕ್ರಿ. ಬಿಸಿ ಜ್ವಾಳದ ರೊಟ್ಟಿ, ಹಸಿ ಉಳ್ಳಾಗಡ್ಡಿ ಜೋಡಿ ಭಾಳ ಛಲೋ ಆಗ್ತೈತಿ.

ಮೀನ ತಿಂದು ಮ್ಯಾಲ ಮಜ್ಜಿಗಿ ಕುಡದ್ರ ಬಿಳಿ ತೊನ್ನು ಆಗ್ತೈತಿ ಅಂತಾರ?

ಆಗೂದಿಲ್ಲ, ತೊನ್ನಿಗೆ ಕಾರಣ ಬ್ಯಾರೆ. ಆಯುರ್ವೇದದಾಗ ಮೀನು ಹಾಲು ವಿರುದ್ಧ ಆಹಾರ ಅಂತಾರ, ಮನಿ ಹಿರ್ಯಾರು ಬ್ಯಾಡ ಅಂದ್ರ ಬಿಡ್ರಿ.

ಗೋವಾದಿಂದ ಹಸಿ ಮೀನ ತಂದು ಮನ್ಯಾಗ ಕುಕ್ಕರಿನಾಗ ಬಾಟ್ಲಿ ತುಂಬಿ ಇಡಬಹುದಾ?

ಹಂಗ ಮಾಡಬ್ಯಾಡ್ರಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮ್ಯಾಲ ಐತಿ, ಇಲ್ಲಿ ನೀರು 97-98 ಡಿಗ್ರಿಗೇ ಕುದೀತೈತಿ, ಮೊದಲ ಹೇಳಿದ ಬಾಟ್ಯುಲಿನಂ ಬೀಜಾಣು ಸಾಯಬೇಕಂದ್ರ 121 ಬೇಕು. ಕುಕ್ಕರಿನಾಗ ಕಾವು ಏರ್ತೈತಿ, ಆದ್ರ ಬಾಟ್ಲಿ ನಟ್ಟ ನಡುವಿನ ಮೀನಿಗೆ ಎಷ್ಟು ಹೊತ್ತು ಮುಟ್ಟಿತು ಅನ್ನೂದಕ್ಕ ನಮ್ಮ ಮನಿ ಕುಕ್ಕರಿಗೆ ಪರೀಕ್ಷಾ ಮಾಡಿದ ಲೆಕ್ಕ ಇಲ್ಲ. ಅಮೆರಿಕಾದಾಗ ಇದಕ್ಕಂತ ಬ್ಯಾರೆ ಪ್ರೆಶರ್ ಕ್ಯಾನರ್ ಇಟ್ಟು, ಅರ್ಧಾ ಲೀಟರ್ ಅಳತಿ ಬಾಟ್ಲಿಗೆ 100 ನಿಮಿಷ ಕಾಸ್ತಾರ. ಫ್ರೀಜರಿನಾಗ ಇಡ್ರಿ, ಇಲ್ಲಾ ಉಪ್ಪು ಹಚ್ಚಿ ಒಣಗಸ್ರಿ.

ಪೌಚಿನಾಗ ಬರೂ ಮೀನ ಕರಿ?

ಅದೂ ರಿಟಾರ್ಟ್ ಕಾವಿನ ಪದ್ಧತಿನ. ಕೊಚ್ಚಿಯ ಸಿಐಎಫ್‌ಟಿ ಅನ್ನೂ ಮೀನುಗಾರಿಕಿ ತಂತ್ರಜ್ಞಾನ ಸಂಸ್ಥೆ ಮೀನಿಗೆ, ಮೈಸೂರಿನ ಡಿಎಫ್‌ಆರ್‌ಎಲ್ ಅನ್ನೂ ರಕ್ಷಣಾ ಆಹಾರ ಸಂಶೋಧನಾ ಲ್ಯಾಬ್ ಸೈನಿಕರ ಊಟಕ್ಕ ಇದನ್ನ ನಮ್ಮ ದೇಶದಾಗ ಬೆಳಸ್ಯಾವ. ಪೌಚ್ ಉಬ್ಬಿದ್ರ, ಸೂಜಿ ಚುಚ್ಚಿದಂಗ ತೂತಿದ್ರ, ಅಂಚಿನಾಗ ಮಸಾಲಿ ಸಿಕ್ಕಿಕೊಂಡಿದ್ರ ಬ್ಯಾಡ. ಸ್ಮೋಕ್ಡ್ ಸಾಲ್ಮನ್‌ದಂಥ ಪ್ಯಾಕೆಟ್ ಮಾತ್ರ ಇದರಂಗಲ್ಲ, ಅದು ಅಂಗಡ್ಯಾಗೂ ಫ್ರಿಡ್ಜಿನಾಗನ ಇರಬೇಕು, ಹೊರಗ ರ‍್ಯಾಕಿನಾಗ ಇಟ್ಟಿದ್ರ ತೊಗೋಬ್ಯಾಡ್ರಿ.

ದೂರು ಎಲ್ಲಿ ಕೊಡೂದು?

ಬಿಲ್, ಡಬ್ಬಿ ಮ್ಯಾಲಿನ ಬ್ಯಾಚ್ ನಂಬರ್ ಫೋಟೋ ತೊಗೊಂಡು ಮೊದಲ ಅಂಗಡಿಯವ್ರಿಗೆ ತೋರಿಸ್ರಿ, ಹೆಚ್ಚಿನವ್ರು ಬದಲಿ ಕೊಡ್ತಾರ. ಕೇಳದಿದ್ರ ಎಫ್‌ಎಸ್‌ಎಸ್‌ಎಐದ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್, ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿ ಕಚೇರಿ, ಗ್ರಾಹಕರ ಹೆಲ್ಪ್‌ಲೈನ್ 1915. ಬದಲಿ ಸಿಕ್ಕರೂ ಬ್ಯಾಚ್ ನಂಬರ್ ಹಾಕಿ ದೂರು ಕೊಡ್ರಿ, ಅದ ಬ್ಯಾಚಿನ ಇನ್ನೊಂದು ಡಬ್ಬಿ ಯಾರ ಮನಿಗೆ ಹೋಗೇತೋ.

ಖಾಲಿ ಡಬ್ಬಿ ಏನ ಮಾಡೂದು?

ಹಂಗ ಬಯಲಿಗೆ ಒಗೀಬ್ಯಾಡ್ರಿ, ಓಣಿ ನಾಯಿ ಬೆಕ್ಕು ವಾಸನಿಗೆ ಬಂದು ಒಳಗ ನಾಲಿಗಿ ಹಾಕಿ ಕೊಯ್ಕೋತಾವ, ಸಣ್ಣ ಬೆಕ್ಕಿನ ಮರಿ ತಲಿ ಸಿಗಿಸ್ಕೋತಾವ. ಪಾತ್ರಿ ತೊಳೂ ಪುಡಿ ಹಾಕಿ ತೊಳೀರಿ, ಮುಚ್ಚಳ ಒಳಗ ಮಡಚಿ ಹಾಕಿ ಬಾಯಿ ಒತ್ತಿ ಚಪ್ಪಟಿ ಮಾಡ್ರಿ, ಕೈಗೆ ದಪ್ಪ ಬಟ್ಟಿ ಸುತ್ಕೊಂಡು. ಒಣ ಕಸದಾಗ ಕೊಡ್ರಿ ಇಲ್ಲಾ ಕೂಡಿಟ್ಟು ಭಂಗಾರದವ್ರಿಗೆ, ಅಂದ್ರ ಗುಜರಿಯವ್ರಿಗೆ ಹಾಕ್ರಿ.